ಎಳ್ಳುಂಡೆಗೆ ಕೈಯೊಡ್ಡಿದವರು

ಉತ್ತರ ಮ್ಯಾಸಿಡೋನಿಯಾಕ್ಕೆ ಹೊರಟಿದ್ದೇವೆ ಎಂದಾಗ ಕೋಲ್ಕತ್ತದ ಕಸ್ಬಾದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯ ಬಂಗಾಳಿ ಅಜ್ಜಿ ನನ್ನನ್ನು ಕನಿಕರದಿಂದ ನೋಡಿದರು. ವರ್ಷಕ್ಕೆರಡು ಸಲ ಪ್ರವಾಸ ಹೋಗದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಸ್ವಿಟ್ಜರ್ಲೆಂಡನ್ನೂ ನೋಡಿ ಬಂದವರು. ಅದು ಯಾವ ದೇಶ, ಅಲ್ಲಿ ನೋಡುವುದಾದರೂ ಏನಿದೆ ಎಂದು ಕೇಳಿದರು. ನಿಜ ಹೇಳಬೇಕೆಂದರೆ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಗ್ರೀಸಿನ ನೆತ್ತಿಯ ಮೇಲಿರುವ ಪುಟ್ಟ ದೇಶ, ಒಂದು ದೊಡ್ಡ ಸರೋವರವಿದೆ, ಮಂದಿ ಕಡಿಮೆ. ಜಾದವ್‌ಪುರದ ಗದ್ದಲದಲ್ಲಿ ವರ್ಷವಿಡೀ ಪಾಠ ಹೇಳುವ ನನಗೆ ಅಷ್ಟು ಸಾಕಾಗಿತ್ತು.

ಜೊತೆಗೆ ಅವ್ವನನ್ನು ಕರೆದುಕೊಂಡೆ. ಅಪ್ಪ ಹೋದ ಮೇಲೆ ಅವಳು ಧಾರವಾಡ ಬಿಟ್ಟು ನನ್ನ ಹತ್ತಿರ ಬಂದಿದ್ದಳು. ಟಿಕೆಟ್ ತೆಗೆಸುವಾಗ ಅಪ್ಪನ ತಿಥಿ ಅಷ್ಟರೊಳಗೆ ಮುಗಿದಿರುತ್ತದೆ ಎಂದು ಇಬ್ಬರೂ ಲೆಕ್ಕ ಹಾಕಿದ್ದೆವು. ಹಿಂದಿನ ವರ್ಷ ಅಧಿಕ ಮಾಸ ಬಂದದ್ದು ಇಬ್ಬರಿಗೂ ನೆನಪಾಗಲಿಲ್ಲ. ಪಂಚಾಂಗ ತೆರೆದು ನೋಡಿದಾಗ ತಿಥಿ ಮುಂದಕ್ಕೆ ಹೋಗಿ, ಸರಿಯಾಗಿ ನಮ್ಮ ಪ್ರವಾಸದ ನಡುವೆ ಬಂದು ಕೂತಿತ್ತು.

ಶಾಸ್ತ್ರದ ಕೆಲಸವನ್ನು ಧಾರವಾಡದಲ್ಲಿ ದೊಡ್ಡಪ್ಪನ ಮಗ ಮಾಡುತ್ತಾನೆ. ಅವ್ವನ ಹಟ ಬೇರೆ. ಅಂದು ಅಪ್ಪನ ಹೆಸರಿನಲ್ಲಿ ಹೊರಗಿನವರು ಯಾರಾದರೂ ಉಣ್ಣಬೇಕು, ಅಲ್ಲಿಯ ತನಕ ತಾನು ಬಾಯಿಗೆ ಏನೂ ಹಾಕುವುದಿಲ್ಲ. ಕೋಲ್ಕತ್ತದಲ್ಲೇ ಇದು ಪ್ರತಿವರ್ಷ ಪಡಿಪಾಟಲು. ಇರುವ ನಾಲ್ಕು ಕನ್ನಡದ ಮನೆಗಳಿಗೆ ಫೋನ್ ಮಾಡಿ ಅಂಗಲಾಚಬೇಕು. ಒಬ್ಬರಿಗೆ ಆಫೀಸು, ಇನ್ನೊಬ್ಬರಿಗೆ ಮಕ್ಕಳ ಪರೀಕ್ಷೆ. ತಿಥಿಯ ಊಟವೆಂದರೆ ಹಿಂದೇಟು ಹಾಕುವವರೂ ಉಂಟು. ಕಳೆದ ವರ್ಷ ಅವ್ವ ಸಂಜೆಯವರೆಗೆ ಬಾಗಿಲು ನೋಡುತ್ತ ಕೂತಿದ್ದಳು.

"ಅಲ್ಲೆ ಯಾರ್ ಉಣ್ತಾರವಾ?" ಎನ್ನುತ್ತಲೇ ಅವ್ವ ಎಳ್ಳುಂಡೆ ಕಟ್ಟಿ ಡಬ್ಬಿಯಲ್ಲಿ ತುಂಬಿಕೊಂಡಳು.

ತಿಥಿಯ ದಿನ ನಾವು ಸರೋವರದ ಊರಿನಲ್ಲಿದ್ದೆವು. ನಾವು ಇಳಿದುಕೊಂಡ ಮನೆಯವರು ಬೆಳಿಗ್ಗೆಯೇ ಎಲ್ಲಿಗೋ ಹೋಗಿದ್ದರು. ಅವ್ವ ಮಿಂದು, ಸೀರೆ ಉಟ್ಟು, ಡಬ್ಬಿ ಹಿಡಿದು ಹೊರಟಳು. ದಾರಿಯಲ್ಲಿ ಹೆಂಗಸರು ಬುಟ್ಟಿಗಳಲ್ಲಿ ಬ್ರೆಡ್ಡು, ಚೆರಿ ಹಣ್ಣು, ಹೂವು ಇಟ್ಟುಕೊಂಡು ಗುಡ್ಡದ ಕಡೆ ನಡೆಯುತ್ತಿದ್ದರು.

"ವನಭೋಜನ ಇರಬೇಕು, ಬಾ. ಅಲ್ಲೆ ಯಾರರೆ ತಗೋತಾರ" ಎಂದು ಅವ್ವ ನನಗಿಂತ ಮುಂದೆ ಹೆಜ್ಜೆ ಹಾಕಿದಳು.

ಗೇಟು ದಾಟಿದ ಮೇಲೆ ತಿಳಿಯಿತು, ಅದು ಸ್ಮಶಾನ. ಕರಿಕಲ್ಲಿನ ಸಮಾಧಿಗಳ ಮೇಲೆ ತೀರಿಕೊಂಡವರ ಚಿತ್ರಗಳು. ಪಕ್ಕದಲ್ಲೇ ಬಟ್ಟೆ ಹಾಸಿ, ತಿನಿಸು ಬಡಿಸಿಕೊಂಡು ಕೂತ ಸಂಸಾರಗಳು. ತಿಥಿಯ ದಿನ, ಮಡಿಯಲ್ಲಿ, ಸ್ಮಶಾನದೊಳಗೆ ಕಾಲಿಟ್ಟ ಅವ್ವನ ಮುಖ ಬಿಳಿಚಿತು. "ಘಾತಾತವಾ, ನಡಿ ನಡಿ" ಎಂದು ನನ್ನ ಕೈ ಜಗ್ಗಿದಳು.

ಅಷ್ಟರಲ್ಲಿ ಕರಿ ಉಡುಪಿನ ಒಬ್ಬ ಮುದುಕಿ ಎದ್ದು ಬಂದು ಒಂದು ಬಟ್ಟಲು ಚಾಚಿದರು. ಸಕ್ಕರೆ, ಅಕ್ರೋಟು ಹಾಕಿದ ಬೇಯಿಸಿದ ಗೋಧಿ. ಹಿಂದಿನಿಂದ ಯಾರೋ ನನ್ನನ್ನು ಕರೆದರು. ನೋಡಿದರೆ ನಾವು ಇಳಿದುಕೊಂಡ ಮನೆಯ ಒಡತಿ! ಅವರಿಗೆ ಇಂಗ್ಲಿಷ್ ಬರುತ್ತಿತ್ತು. ಇವತ್ತು ಸತ್ತವರನ್ನು ನೆನೆಯುವ ಶನಿವಾರ, ದಾರಿಹೋಕರಿಗೂ ಕೊಡುತ್ತೇವೆ, ತಿಂದರೆ ಅವರ ಆತ್ಮಕ್ಕೆ ಮುಟ್ಟುತ್ತದೆ ಎಂದರು. ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

ಅವ್ವ ನಿಂತಲ್ಲೇ ನಿಂತಳು. "ಹಂಗಾರ ಇವರದೂ ತಿಥೀನೇ ಅನ್ನು" ಎಂದಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ಎರಡೂ ಕೈಯಲ್ಲಿ ಹಿಡಿದು ಮುದುಕಿಯ ಮುಂದೆ ಚಾಚಿದಳು.

ಮುದುಕಿ ಒಂದು ಉಂಡೆ ತೆಗೆದುಕೊಂಡರು, ಆದರೆ ತಿನ್ನಲಿಲ್ಲ. ಕಲ್ಲಿನ ಮೇಲಿನ ಮೀಸೆಯ ಗಂಡಸನ್ನು ತೋರಿಸಿ, ಎದೆ ಮುಟ್ಟಿಕೊಂಡು ಒಂದು ಹೆಸರು ಹೇಳಿದರು. ಮತ್ತೆ ಅವ್ವನ ಕಡೆ ಬೆರಳು ತೋರಿಸಿ ಕಾದರು. ಯಾರಿಗಾಗಿ ತಿನ್ನುತ್ತಿದ್ದೇವೆ ಎಂದು ಗೊತ್ತಿರಬೇಕಂತೆ, ಹೆಸರು ಹೇಳಿಯೇ ತಿನ್ನುವುದಂತೆ. ಮನೆಯೊಡತಿ ವಿವರಿಸಿದರು.

ಗಂಡನ ಹೆಸರನ್ನು ಅವ್ವ ಜನ್ಮದಲ್ಲಿ ಬಾಯಿ ಬಿಟ್ಟು ಹೇಳಿದವಳಲ್ಲ. ಆಸ್ಪತ್ರೆಯ ಕೌಂಟರಿನಲ್ಲೂ ನನ್ನ ಕಡೆ ಕೈ ತೋರಿಸಿದವಳು. ನಾನೇ ಹೇಳೋಣವೆಂದು ಬಾಯಿ ತೆರೆದೆ.

"ನೀ ಸುಮ್ನಿರು" ಎಂದಳು ಅವ್ವ. ಸೆರಗು ಸರಿಪಡಿಸಿಕೊಂಡಳು, ಮುದುಕಿಯ ಕಣ್ಣು ನೋಡಿದಳು, ಅಪ್ಪನ ಹೆಸರನ್ನು ಹೇಳಿದಳು. ಮೆಲ್ಲಗೆ, ಆದರೆ ಪೂರ್ತಿಯಾಗಿ.

ಮುದುಕಿ ತಮ್ಮ ನಾಲಿಗೆಗೆ ಬಂದಂತೆ ಅದನ್ನು ಉಚ್ಚರಿಸಿ ಉಂಡೆ ಬಾಯಿಗೆ ಹಾಕಿಕೊಂಡರು. ಪಕ್ಕದ ಸಮಾಧಿಯವರು ಕೈಯೊಡ್ಡಿದರು, ಅವರಾಚೆಯವರೂ ಒಡ್ಡಿದರು. ಯಾರೂ ಕರೆಸಿಕೊಳ್ಳಲಿಲ್ಲ, ಯಾರಿಗೂ ಅವಸರವಿರಲಿಲ್ಲ. ಪ್ರತಿಯೊಬ್ಬರಿಗೂ ಅವ್ವ ಮತ್ತೆ ಮತ್ತೆ ಹೆಸರು ಹೇಳುತ್ತಿದ್ದಳು, ಒಂದೊಂದು ಸಲಕ್ಕೂ ದನಿ ಗಟ್ಟಿಯಾಗುತ್ತಿತ್ತು. ಆ ಪರದೇಶದ ಗುಡ್ಡದ ಮೇಲೆ ಅಷ್ಟು ಬಾಯಿಗಳಲ್ಲಿ ನನ್ನ ಅಪ್ಪನ ಹೆಸರು! ನಾನು ಅತ್ತೆ. ಆ ಜನರ ಋಣವನ್ನು ನಾನು ಎಲ್ಲಿಗೆ ಹೋಗಿ ತೀರಿಸಲಿ?

ಡಬ್ಬಿ ಖಾಲಿಯಾದ ಮೇಲೆ ಅವ್ವ ಮುದುಕಿಯ ಪಕ್ಕ ಕೂತಳು. ಬೆಳಗಿನಿಂದ ಹಸಿದಿದ್ದಳು. ಗೋಧಿಯ ಬಟ್ಟಲನ್ನು ಇಸಿದುಕೊಂಡು, ಕಲ್ಲಿನ ಮೇಲಿನ ಆ ಮೀಸೆಯವರ ಹೆಸರನ್ನು ತಡವರಿಸುತ್ತ ಹೇಳಿ, ಉಂಡಳು.