ಎಡಚಕ್ರದ ಐದನೇ ಬೋಲ್ಟು

ಬೆಳಗಿನ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ಟೇಪಮ್ಮ ಕಾರಿನ ಎಡ ಹಿಂಚಕ್ರದ ಪಕ್ಕ, ಸ್ಪ್ಯಾನರಿನ ಹಿಡಿಯ ಮೇಲೆ ಎರಡೂ ಕಾಲಿಟ್ಟು ನಿಂತಿದ್ದರು. ನಟ್ಟು ಬಿಚ್ಚಿಕೊಳ್ಳಲಿಲ್ಲ. ‘ಟಣ್’ ಎಂದು ಬೋಲ್ಟೇ ಮುರಿಯಿತು.

ಮೂವತ್ತನಾಲ್ಕು ವರ್ಷ ಬಟ್ಟೆ ಹೊಲಿದ ಹೆಂಗಸು. ಕೊರಳಲ್ಲಿ ಅಳತೆಯ ಟೇಪು ಸದಾ ಇರುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಅದು. ಪರದೆ ಹೊಲಿಯುವ ಕೆಲಸ ಹೆಚ್ಚಾದ ಮೇಲೆ ಗಂಟುಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸಲು ಯಾರದಾದರೂ ಗಾಡಿಗೆ ಕಾಯಬೇಕಾಗುತ್ತಿತ್ತು. ಕಾದು ಕಾದು ಸಾಕಾಗಿ, ಅರವತ್ತೊಂದನೇ ವಯಸ್ಸಿನಲ್ಲಿ ತಾವೇ ಸ್ಟೀರಿಂಗ್ ಹಿಡಿದರು. ಗುರು ಸ್ವಂತ ಸೊಸೆ. ಅವಳದು ಒಂದೇ ಕಾರಿನ ಡ್ರೈವಿಂಗ್ ಶಾಲೆ. ಪರೀಕ್ಷೆಯ ದಿನ ಬೆಳಗ್ಗೆ ಪ್ರತಿಯೊಬ್ಬ ಶಿಷ್ಯರೂ ಒಂದು ಚಕ್ರ ಬಿಚ್ಚಿ ಹಾಕಬೇಕೆಂಬುದು ಅವಳ ನಿಯಮ. ಕೈನಡುಕ ನಿಲ್ಲುತ್ತದಂತೆ.

ಟೇಪಮ್ಮ ಎರಡು ಸಲ ಫೇಲಾಗಿದ್ದರು. ಕಲಿಕೆಯ ಲೈಸೆನ್ಸಿನ ಅವಧಿ ಆ ಸಂಜೆಗೆ ಮುಗಿಯುತ್ತಿತ್ತು. ಪರೀಕ್ಷೆ ಹತ್ತಕ್ಕೆ. ಅಲ್ಲಿನ ಇನ್‌ಸ್ಪೆಕ್ಟರು ಮೊದಲು ಚಕ್ರದ ನಟ್ಟು ಎಣಿಸುವವರು; ಐದರಲ್ಲಿ ಒಂದು ಕಡಿಮೆಯಾದರೂ ಕಾರನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದರು.

“ಅತ್ತೆ, ಯಾವ ಕಡೆ ತಿರುಗಿಸಿದ್ರಿ?”

“ನೀನು ಹೇಳ್ಕೊಟ್ಟ ಕಡೆನೇ ಕಣೇ.”

ಸೊಸೆ ಹಣೆ ಚಚ್ಚಿಕೊಂಡಳು. “ತಪ್ಪು ನಂದೇ. ಈ ಹಳೇ ಕಾರಲ್ಲಿ ಎಡಗಡೆ ಚಕ್ರಕ್ಕೆ ಉಲ್ಟಾ ತಿರುಪು. ನೀವು ಬಿಚ್ತಾ ಇರ್ಲಿಲ್ಲ, ಬಿಗಿ ಮಾಡ್ತಾ ಇದ್ರಿ.”

ಕಾರು ದಿನವೂ ಎಡಮಗ್ಗುಲನ್ನು ಗೋಡೆಗೆ ಒತ್ತಿ ನಿಲ್ಲುತ್ತಿದ್ದುದರಿಂದ ಅಭ್ಯಾಸವೆಲ್ಲ ಬಲಚಕ್ರದ ಮೇಲೆ ನಡೆದಿತ್ತು. ಹಿಂದಿನ ಸಂಜೆ ಕಾರನ್ನು ತಿರುಗಿಸಿ ನಿಲ್ಲಿಸಿದ್ದವಳು ಸೊಸೆಯೇ.

ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಟೇಪಮ್ಮನ ಯಜಮಾನರು ಸುಮ್ಮನಿರಲಿಲ್ಲ. “ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಂಗೆ ಒಂದು ವರ್ಷ ತಡವಾಗಿ ಬಂತು ನೋಡು.”

“ನಿಮಗೆ ಮೊದಲೇ ಬಂದಿದೆಯಲ್ರೀ, ಮನೆಗೊಬ್ರು ಸಾಕು. ಆ ಸುತ್ತಿಗೆ ಕೊಡಿ ಇಲ್ಲಿ.”

ಉಲ್ಟಾ ತಿರುಪಿನ ಬೋಲ್ಟು ಅಂಗಡಿಯಲ್ಲಿ ಸುಲಭವಾಗಿ ಸಿಗದು. ಸೊಸೆಯ ಡಬ್ಬಿಯಲ್ಲಿ ಇದ್ದದ್ದು ನಟ್ಟಿನ ಸಮೇತ ಒಂದೇ ಒಂದು. ಅದು ಕೆಟ್ಟರೆ ಆ ದಿನದ ಕಥೆ ಮುಗಿದಂತೆ.

ಉಳಿದ ನಾಲ್ಕು ನಟ್ಟುಗಳನ್ನು ಸರಿಯಾದ ಕಡೆಗೆ ತಿರುಗಿಸಿ ಸಡಿಲಿಸಿದರು. ಬೇರೆ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಜಾಕ್ ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟು ಚಕ್ರವನ್ನೂ ಬ್ರೇಕಿನ ಡ್ರಮ್ಮನ್ನೂ ತೆಗೆದರು. ಮುರಿದ ತುಂಡು ಮೂರನೇ ಏಟಿಗೆ ಹಿಂದಕ್ಕೆ ಬಿತ್ತು. ಸೊಸೆ ಹೊಸದನ್ನು ಹಿಂಬದಿಯಿಂದ ತೂರಿಸಿ, ನಟ್ಟು ಹಾಕಿ ಬಿಗಿಯುತ್ತಾ ಬೋಲ್ಟನ್ನು ತೂತಿನೊಳಕ್ಕೆ ಎಳೆಯಲು ಹೊರಟಳು.

“ತಡಿಯೇ!” ಟೇಪಮ್ಮ ಕನ್ನಡಕ ಏರಿಸಿ ಬಗ್ಗಿದರು. ಬೋಲ್ಟಿನ ಕತ್ತಿನ ಸುತ್ತ ಸಣ್ಣ ಹಲ್ಲುಗಳು. ತೂತಿನೊಳಗೆ ಅವಕ್ಕೆ ಹೊಂದುವ ಹಳೆಯ ಗೀರುಗಳು. “ಅರ್ಧ ಹಲ್ಲು ಪಕ್ಕಕ್ಕಿದೆ. ಹಳೇ ಹೊಲಿಗೆ ತೂತಲ್ಲೇ ಸೂಜಿ ಇಳೀಬೇಕು, ಇಲ್ಲಾಂದ್ರೆ ಬಟ್ಟೆ ಹರಿಯುತ್ತೆ.”

ಬೆರಳ ತುದಿಯಲ್ಲಿ ಕೂದಲೆಳೆಯಷ್ಟು ತಿರುಗಿಸಿದರು. ಹಲ್ಲು ಗೀರಿಗೆ ಕೂತಿತು. ಆಮೇಲೆ ನಾಲ್ಕು ವಾಷರ್ ಪೋಣಿಸಿ, ನಡುವೆ ಗ್ರೀಸ್ ಸವರಿ, ನಟ್ಟಿನ ಚಪ್ಪಟೆ ಮುಖ ಒಳಗಿರುವಂತೆ ಹಾಕಿ, ಈ ಸಲ ಬೇಕೆಂದೇ ಎಡಕ್ಕೆ ತಿರುಗಿಸಿ ನಿಧಾನವಾಗಿ ಎಳೆದರು. ಪೂರ್ತಿ ಕೂತಿದೆಯೇ ಎಂದು ನೋಡಲು ಅಂಗಿಯ ಮಾದರಿ ಕತ್ತರಿಸುವ ತೆಳು ಕಾಗದವನ್ನು ಬೋಲ್ಟಿನ ತಲೆಯ ಅಡಿ ತೂರಿಸಿದರು. ಒಂದು ಕಡೆ ಕಾಗದ ನುಸುಳಿತು. ಇನ್ನೂ ಕಾಲು ಸುತ್ತು ಎಳೆದರು. ಈಗ ಯಾವ ಕಡೆಯೂ ನುಸುಳಲಿಲ್ಲ.

“ಅತ್ತೆ, ಈ ಪರೀಕ್ಷೆ ನಾನೂ ಯಾರಿಗೂ ಹೇಳ್ಕೊಟ್ಟಿಲ್ಲ,” ಎಂದಳು ಸೊಸೆ.

“ನಂಗೆ ಫೀಸು ಆಮೇಲೆ ಕೊಡುವಂತೆ.”

ಡ್ರಮ್ಮು, ಚಕ್ರ, ಐದು ನಟ್ಟು ಎಲ್ಲವೂ ಕೂತಾಗ ಒಂಬತ್ತು ಗಂಟೆ ಐದು ನಿಮಿಷ. ಮೂವರೂ ಹೊರಟರು.

ಇನ್‌ಸ್ಪೆಕ್ಟರು ನಟ್ಟುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿ, ಟೇಪಮ್ಮನ ಮಣಿಕಟ್ಟಿನವರೆಗಿನ ಮಸಿ ನೋಡಿದರು. “ಕೈಗೇನಾಯ್ತಮ್ಮ?”

“ಬೆಳಗ್ಗೆ ಒಂದು ಬೋಲ್ಟು ಮುರಿದೆ ಸಾರ್. ನಾನೇ ಹಾಕ್ದೆ.”

“ಸರಿ, ಹತ್ತಿ.”

ಎರಡು ಸಲವೂ ಅವರನ್ನು ಬೀಳಿಸಿದ್ದು ಕಂಬಗಳ ನಡುವೆ ಹಿಂದಕ್ಕೆ ತೆಗೆಯುವ ಪರೀಕ್ಷೆ. ಆಗ ಅವಸರಪಟ್ಟಿದ್ದರು. ಈಗ ಕಂಬದ ಹತ್ತಿರ ಪೂರ್ತಿ ನಿಲ್ಲಿಸಿ, ಕನ್ನಡಿ ನೋಡಿ, ಸ್ಟೀರಿಂಗನ್ನು ಕೂದಲೆಳೆಯಷ್ಟು ತಿರುಗಿಸಿ ಹಿಂದಕ್ಕೆ ಬಿಟ್ಟರು. ಎರಡು ಕಡೆಯೂ ಒಂದೊಂದು ಗೇಣು ಜಾಗ ಉಳಿಯಿತು. ಏರಿನಲ್ಲಿ ಕಾರು ಒಂದಂಗುಲವೂ ಹಿಂದೆ ಸರಿಯಲಿಲ್ಲ. ಇನ್‌ಸ್ಪೆಕ್ಟರು ಹಾಳೆಯ ಮೇಲೆ ‘ಪಾಸ್’ ಎಂದು ಬರೆದು ಮುದ್ರೆ ಒತ್ತಿದಾಗ, ಗೇಟಿನಾಚೆ ಯಜಮಾನರ ಶಿಳ್ಳೆ ಎಲ್ಲರಿಗಿಂತ ಜೋರಾಗಿ ಕೇಳಿತು.

“ಏಳಿ ಅತ್ತೆ, ಮನೆಗೆ ನಾನು ಓಡಿಸ್ತೀನಿ.”

ಅತ್ತೆ ಏಳಲಿಲ್ಲ. ಎಲ್ಲರೂ ಕೂತ ಮೇಲೆ ಕಾರು ಮನೆಯ ತಿರುವನ್ನು ದಾಟಿ ನೇರ ಹೊರಟಿತು.

“ಎಲ್ಲಿಗೇ ಇದು?” ಎಂದರು ಹಿಂದಿನ ಸೀಟಿನ ಯಜಮಾನರು.

“ಹೊಸ ಬೋಲ್ಟು ಹಾಕಿದ ಚಕ್ರ ಒಂದಿಷ್ಟು ಓಡಿದ್ಮೇಲೆ ನಟ್ಟು ಇನ್ನೊಂದ್ಸಲ ಬಿಗಿ ಮಾಡ್ಬೇಕಂತೆ. ನಿಮ್ಮ ಸೊಸೆನೇ ಹೇಳಿದ್ದು.”

“ಒಂದಿಷ್ಟು ಅಂದ್ರೆ ಎಷ್ಟು?”

ಟೇಪಮ್ಮ ಗೇರ್ ಬದಲಿಸಿದರು.

“ಎಂಬತ್ತು ಕಿಲೋಮೀಟರ್.”