ಆಯ್ತು ಅಂದರೆ ಆಗಿದೆಯೇ?

ಸೌತ್‌ಫೀಲ್ಡಿನ ಆಫೀಸಿನಲ್ಲಿ ಭಾನುವಿಗಿದ್ದ ಕೆಲಸ ಇಷ್ಟೇ: ಬೇರೆಯವರು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮು 'ಫೈಲಿಗೆ ಬರೆದೆ' ಎಂದರೆ ನಿಜವಾಗಿ ಬರೆದಿದೆಯೇ, 'ಓದಿದೆ' ಎಂದರೆ ನಿಜವಾಗಿ ಓದಿದೆಯೇ ಎಂದು ನೋಡುವುದು. ತುಮಕೂರಿನಿಂದ ಅತ್ತೆ ಫೋನಿನಲ್ಲಿ, "ಅಲ್ಲೇನು ಕೆಲಸ ಮಾಡ್ತೀಯಮ್ಮ?" ಎಂದು ಕೇಳಿದಾಗ, "ಯಾರನ್ನೂ ನಂಬದೇ ಇರೋ ಕೆಲಸ ಅತ್ತೆ" ಎಂದಿದ್ದಳು. "ಅದಕ್ಕೂ ಸಂಬಳ ಕೊಡ್ತಾರಾ?" ಎಂದು ಅತ್ತೆ ಆಶ್ಚರ್ಯಪಟ್ಟಿದ್ದರು.

ಕೊಡುತ್ತಿದ್ದರು. ಆದರೆ ಮರ್ಯಾದೆ ಕೊಡುತ್ತಿರಲಿಲ್ಲ. ಪ್ರೋಗ್ರಾಮು ಸೊಗಸಾಗಿ ಓಡುತ್ತಿರುವಾಗ ಭಾನು ಮೇಜಿನ ಕೆಳಗೆ ತೂರಿ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತುಬಿಡುತ್ತಿದ್ದಳು. ಮತ್ತೆ ಹಾಕಿ, ಫೈಲಿನಲ್ಲಿ ಏನು ಉಳಿದಿದೆ, ಏನು ಹೋಗಿದೆ ಎಂದು ನೋಡುತ್ತಿದ್ದಳು. ಬರೆದವರಿಗೆ ಇದು ಹೊಟ್ಟೆಕಿಚ್ಚಿನ ಕೆಲಸವಾಗಿ ಕಾಣುತ್ತಿತ್ತು. ಬಾಸ್ ಡೆನಿಸನಿಗೆ ತಡಮಾಡುವ ಕೆಲಸವಾಗಿ ಕಾಣುತ್ತಿತ್ತು. ಆ ವಾರವಂತೂ ಒಂದು ರಿಲೀಸನ್ನೇ ನಿಲ್ಲಿಸಿದ್ದಳು, ಕೊನೆಗೆ ನೋಡಿದರೆ ತಪ್ಪು ಪ್ರೋಗ್ರಾಮಿನದಲ್ಲ, ಅವಳದೇ ಮೇಜಿನ ಕೇಬಲ್ ಸಡಿಲವಾಗಿತ್ತು. ಡೆನಿಸ್ ಅವಳನ್ನು ಕರೆದು, ಇನ್ನೊಮ್ಮೆ ಕಾರಣವಿಲ್ಲದೆ ತಡೆದರೆ ಟೆಸ್ಟಿಂಗನ್ನು ಬರೆಯುವವರೇ ಮಾಡಿಕೊಳ್ಳುತ್ತಾರೆ, ನಿನ್ನ ಮೇಜು ಬೇಡ ಎಂದು ನಗುತ್ತಲೇ ಹೇಳಿದ್ದ. ಆ ನಗುವೇ ಅವಳ ಮೈ ಉರಿಸಿತ್ತು. ಎರಡು ಸಾವಿರದ ಒಂದನೆಯ ಇಸವಿ ಅದು. ಕೆಲಸ ಹೋದರೆ ವೀಸಾ ಹೋಗುತ್ತದೆ, ಇನ್ನೊಂದು ಕೆಲಸ ಸಿಗುವ ಕಾಲವೂ ಅಲ್ಲ.

ಅದೇ ವಾರದ ಶುಕ್ರವಾರ ಮಧ್ಯಾಹ್ನ ಹೊಸ ಪ್ರೋಗ್ರಾಮು ಅವಳ ಮೇಜಿಗೆ ಬಂತು. ಕಾರ್ಖಾನೆಯೊಂದರಲ್ಲಿ ಬ್ರೇಕಿನ ಬೋಲ್ಟುಗಳನ್ನು ಎಷ್ಟು ಬಿಗಿ ಮಾಡಲಾಯಿತು ಎಂಬುದನ್ನು ಫೈಲಿಗೆ ಬರೆಯುವ ಪ್ರೋಗ್ರಾಮು. ಬರೆದವನು ಷರೀಫ್, ಚಿತ್ರದುರ್ಗದವನು, ಒಳ್ಳೆಯ ಹುಡುಗ, ಆದರೆ ಆತುರಗಾರ. ಆಫೀಸಿನಲ್ಲಿ ಕನ್ನಡ ಬರುತ್ತಿದ್ದವರು ಅವರಿಬ್ಬರೇ. ಬೆಳಿಗ್ಗೆ ಅವನಿನ್ನೂ ಬರೆಯುತ್ತಿರುವಾಗಲೇ ಭಾನು ಅವನಿಗೆ ಬಿಡಿಸಿ ಹೇಳಿದ್ದಳು.

"ನೋಡಿ ಷರೀಫ್, ನೀವು ಬರಿ ಅಂತ ಹೇಳಿದ ತಕ್ಷಣ ಅದು ಡಿಸ್ಕಿಗೆ ಹೋಗಲ್ಲ. ಬಫರಲ್ಲಿ ಇಟ್ಕೊಂಡಿರುತ್ತೆ. ಪೋಸ್ಟ್ ಮಾಡಪ್ಪಾ ಅಂತ ಕೊಟ್ಟ ಕಾಗದನ ಜೇಬಲ್ಲೇ ಇಟ್ಕೊಂಡು ತಿರುಗ್ತಾರಲ್ಲ, ಹಾಗೆ. ಅಷ್ಟರಲ್ಲಿ ಕರೆಂಟ್ ಹೋದ್ರೆ ಬೋಲ್ಟ್ ಲೆಕ್ಕ ಗೋವಿಂದ. ಒಂದೊಂದು ಬೋಲ್ಟಿಗೂ ಫ್ಲಶ್ ಹಾಕಿ ಆ ಜೇಬು ಖಾಲಿ ಮಾಡ್ಸಿ, ಡಿಸ್ಕಿಗೆ ಕಮಿಟ್ ಮಾಡಿ."

ಮಧ್ಯಾಹ್ನ ಅವನ ಮೇಜಿನ ಬಳಿ ಹಾದುಹೋಗುವಾಗ ಮತ್ತೆ ಕೇಳಿದಳು. "ಷರೀಫ್, ಫ್ಲಶ್ದು?"

"ಆಯ್ತು ಮೇಡಂ" ಎಂದ ಅವನು, ತಲೆ ಎತ್ತದೆ.

ಭಾನು ಉಳಿದ ಪರೀಕ್ಷೆಗಳನ್ನೆಲ್ಲ ಮುಗಿಸಿದಳು. ಪ್ರೋಗ್ರಾಮನ್ನು ನೆಟ್ಟಗೆ ಮುಚ್ಚಿದಾಗಲೆಲ್ಲ ಎಲ್ಲವೂ ಸರಿಯಾಗಿ ಫೈಲಿಗೆ ಬೀಳುತ್ತಿತ್ತು. ಪ್ಲಗ್ಗು ಕೀಳುವುದೊಂದು ಬಾಕಿ. ಕಿತ್ತರೆ ಆ ಹಳೆಯ ಕಂಪ್ಯೂಟರು ಮತ್ತೆ ಏಳಲು ಬಸುರಿ ಎದ್ದಂತೆ ಏಳುತ್ತಿತ್ತು. ಡೆನಿಸ್ ತಲೆಯ ಮೇಲೆಯೇ ನಿಂತಿದ್ದ, ಪ್ರೋಗ್ರಾಮಿನ ಸಿ.ಡಿ.ಯ ಪೆಟ್ಟಿಗೆಯನ್ನು ಕಾರ್ಖಾನೆಗೆ ಒಯ್ಯಲು ಸಂಜೆ ಕೊರಿಯರಿನವನು ಬರುವವನಿದ್ದ. "ಈಸ್ ಇಟ್ ಡನ್?" ಎಂದು ಕೇಳಿದ. ಷರೀಫ್ ಆಯ್ತು ಅಂದಿದ್ದಾನಲ್ಲ ಎಂದುಕೊಂಡು ಭಾನು "ಡನ್" ಎಂದಳು. ನಂಬದೇ ಇರುವುದಕ್ಕೆ ಸಂಬಳ ಪಡೆಯುವವಳು ಅಂದು ಒಂದು ಮಾತನ್ನು ನಂಬಿದಳು.

ಟ್ರಾಯ್‌ನ ಮನೆಗೆಂದು ಹೆದ್ದಾರಿಗೆ ಇಳಿದು ಸ್ವಲ್ಪ ಹೊತ್ತೂ ಆಗಿರಲಿಲ್ಲ, ಫೋನ್ ಬಂತು. ಮಗಳ ಡೇಕೇರಿನವಳು. ತನಿಷಾಳನ್ನು ಕರೆದುಕೊಂಡು ಹೋಗಲು ಯಾರೂ ಬಂದಿಲ್ಲ, ಬಾಗಿಲು ಹಾಕುವ ಸಮಯವಾಯಿತು ಎಂದಳು. ಭಾನುವಿಗೆ ಪಿತ್ತ ನೆತ್ತಿಗೇರಿತು. ಗಂಡ ಪದ್ಮನಾಭನಿಗೆ ಫೋನ್ ಹಚ್ಚಿದಳು.

"ರೀ, ಮಗು ಇನ್ನೂ ಡೇಕೇರಲ್ಲೇ ಇದೆಯಂತೆ. ಹೊರಡೋ ಮುಂಚೆ ಫೋನ್ ಮಾಡಿ ತನಿಷಾದು ಅಂತ ಕೇಳಿದಾಗ ಆಯ್ತು ಅಂದ್ರಲ್ಲ?"

"ಹೂಂ, ಆಯ್ತು ಅಂದೆ. ಕರ್ಕೊಂಡು ಬರ್ತೀನಿ ಅಂತ. ಈಗ ಹೊರಟೆ ಕಣೇ."

"ಆಯ್ತು ಅಂದ್ರೆ ಆಯ್ತು ಅಂತ ಅಲ್ವಾ?"

"ಆಯ್ತು ಅಂದ್ರೆ ಸರಿ ಅಂತ" ಎಂದ ಪದ್ಮನಾಭ, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಬೈಯಲು ಬಾಯಿ ತೆರೆದವಳು ಹಾಗೆಯೇ ಫೋನ್ ಇಟ್ಟುಬಿಟ್ಟಳು. ಷರೀಫ್ ಹೇಳಿದ ಆಯ್ತು ಯಾವ ಆಯ್ತು?

ಹಾಳು ಮಾತು. ಮುಗಿದದ್ದಕ್ಕೂ ಆಯ್ತು, ಮುಂದೆಂದೋ ಮಾಡುವುದಕ್ಕೂ ಆಯ್ತು, ಎದುರಿನವರ ಬಾಯಿ ಮುಚ್ಚಿಸುವುದಕ್ಕೂ ಆಯ್ತು. ಹುಟ್ಟಿದಂದಿನಿಂದ ಕೇಳಿದ ಮಾತು, ಒಂದು ದಿನವೂ ಪ್ಲಗ್ಗು ಕಿತ್ತು ನೋಡಿರಲಿಲ್ಲ. ಅವಳಿಗೆ ಷರೀಫನ ಮೇಲೆ, ಗಂಡನ ಮೇಲೆ, ಎಲ್ಲಕ್ಕಿಂತ ತನ್ನ ಮೇಲೆ ವಿಪರೀತ ಸಿಟ್ಟು ಬಂತು. ಸುಮ್ಮನೆ ಮನೆಗೆ ಹೋಗಬಹುದಿತ್ತು. ವಾಪಸು ಹೋಗಿ ಪೆಟ್ಟಿಗೆ ತಡೆದು, ಷರೀಫ್ ಫ್ಲಶ್ ಹಾಕಿಯೇ ಇದ್ದರೆ, ಡೆನಿಸ್ ಹೇಳಿದಂತೆ ಮೇಜು ಹೋಯಿತು. ತಡೆಯದೆ, ಫ್ಲಶ್ ಇಲ್ಲದೇ ಇದ್ದರೆ, ಬಿಗಿಯಾಗದ ಬೋಲ್ಟಿನ ಲೆಕ್ಕವೇ ಅಳಿಸಿಹೋಗಿ ಯಾರದೋ ಕಾರಿನ ಬ್ರೇಕು ಹೋಯಿತು. ವುಡ್‌ವರ್ಡ್ ಎಕ್ಸಿಟ್ಟಿನಲ್ಲಿ ಹೆದ್ದಾರಿ ಬಿಟ್ಟು, ಶಾಪ ಹಾಕುತ್ತಲೇ ಕಾರು ತಿರುಗಿಸಿದಳು.

ಪೆಟ್ಟಿಗೆ ಇನ್ನೂ ಮುಂಬಾಗಿಲ ಮೇಜಿನ ಮೇಲಿತ್ತು. ಕೋಟು ಕೂಡ ಬಿಚ್ಚದೆ ಅದನ್ನು ಎತ್ತಿಕೊಂಡು ಒಳಗೆ ಹೋದಳು. ಪ್ರೋಗ್ರಾಮು ಓಡಿಸಿ, ಒಂದಷ್ಟು ಬೋಲ್ಟು ಬರೆಸಿ, ಮೇಜಿನ ಕೆಳಗೆ ತೂರಿ ಪ್ಲಗ್ಗು ಕಿತ್ತಳು. ಡೆನಿಸ್ ಬಂದು ನಿಂತ. ಷರೀಫನೂ ಬಂದ. ಕಂಪ್ಯೂಟರು ನರಳಿಕೊಂಡು ಎದ್ದಿತು. ಫೈಲು ತೆರೆದರೆ ಖಾಲಿ. ಒಂದು ಬೋಲ್ಟೂ ಇರಲಿಲ್ಲ.

"ಷರೀಫ್, ಆಯ್ತು ಅಂದ್ರಲ್ಲ?"

"ಅಂದೆ ಮೇಡಂ. ಮುಂದಿನ ವರ್ಷನ್ನಲ್ಲಿ ಹಾಕೋಣ ಅಂತ..."

ಡೆನಿಸ್ ಅವನ ಕಡೆ ನೋಡಲಿಲ್ಲ. ಡನ್ ಎಂದದ್ದು ನೀನಲ್ಲವೇ ಎಂದು ಭಾನುವನ್ನೇ ಕೇಳಿದ. ಷರೀಫನನ್ನು ಮುಂದೆ ತಳ್ಳುವುದು ಸುಲಭವಾಗಿತ್ತು. ಅವನ ಹೆಸರು ನಾಲಿಗೆಯ ತುದಿಗೂ ಬಂದಿತ್ತು. "ನಾನೇ ಅಂದೆ. ಪರೀಕ್ಷೆ ಮಾಡದೇ ಅಂದೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಮೇಜಿನ ಮೇಲಿದ್ದ ಮಗಳ ಫೋಟೋವನ್ನು ಬ್ಯಾಗಿಗೆ ಹಾಕಿಕೊಂಡಳು. ಡೆನಿಸ್ ಬಗ್ಗಿ ಖಾಲಿ ಫೈಲನ್ನು ನೋಡಿದ. ಪೆಟ್ಟಿಗೆಯನ್ನು ತನ್ನ ಕೋಣೆಗೆ ಒಯ್ಯುತ್ತಾ, ಸೋಮವಾರ ಅವನು ಸರಿಮಾಡಲಿ, ನೀನು ಪ್ಲಗ್ಗು ಕೀಳು, ಆಮೇಲೆಯೇ ಇದು ಹೋಗುವುದು ಎಂದ. ಫೋಟೋ ವಾಪಸು ಇಡು ಎಂದೂ ಹೇಳಿದ.

ಭಾನುವಿಗೆ ಅಳು ಬಂತು, ಅದಕ್ಕೂ ಸಿಟ್ಟು ಬಂತು. ಫೋಟೋ ಇಟ್ಟು, ಮನೆಗೆ ಫೋನ್ ಮಾಡಿದಳು.

"ತನಿಷಾ ಬಂದ್ಲಾ?"

"ಆಯ್ತು" ಎಂದ ಪದ್ಮನಾಭ.

"ನನಗೆ ನಿಮ್ಮ ಆಯ್ತು ಬೇಡ. ಫೋನ್ ಅವಳ ಕೈಗೆ ಕೊಡಿ."

ಮಗಳ ಧ್ವನಿ ಕೇಳಿದ ಮೇಲೆಯೇ ಅವಳಿಗೆ ಉಸಿರು ಬಂದದ್ದು.

"ಅಮ್ಮಾ, ವೇರ್ ಆರ್ ಯು?"

"ಬಂದೆ ಪುಟ್ಟಾ, ಬಂದೇಬಿಟ್ಟೆ."

"ನೋ, ಯು ಡಿಡಂಟ್" ಎಂದಿತು ಮಗು. "ಯು ಆಲ್ವೇಸ್ ಸೇ ಬಂದೆ."

ಭಾನು ತನ್ನ ಕಾಲುಗಳನ್ನು ನೋಡಿಕೊಂಡಳು. ಅವು ಸೌತ್‌ಫೀಲ್ಡಿನ ಆಫೀಸಿನ ಕಾರ್ಪೆಟ್ಟಿನ ಮೇಲೆಯೇ ಇದ್ದವು. ಪ್ಲಗ್ಗು ಕೀಳಲು ತೂರಿದಾಗಿನ ದೂಳು ಇನ್ನೂ ಮೊಣಕಾಲಿಗೆ ಮೆತ್ತಿಕೊಂಡಿತ್ತು.

"ಇಲ್ಲ ಪುಟ್ಟಾ" ಎಂದಳು, "ಇನ್ನೂ ಹೊರಟೇ ಇಲ್ಲ."