ಕನ್ನಡ ಬಲ್ಲ ಲಾರಿ

ತಮಿಳುನಾಡಿನ ಮಾರಂಡಹಳ್ಳಿಯ ಕನ್ನಡಿಗ ನಾರಪ್ಪ ಮೂವತ್ತು ವರ್ಷ ಲಾರಿ ಓಡಿಸಿದವನು. ಅವನ ಹಳೆಯ ಲಾರಿಯ ಮೂರನೇ ಗೇರು ಮಹಾ ಹಟಮಾರಿ. ಕ್ಲಚ್ಚನ್ನು ಎರಡು ಸಲ ಒತ್ತಿ, ಗೇರಿನ ಕೋಲನ್ನು ಕೊಂಚ ಎಡಕ್ಕೆ ವಾಲಿಸಿದರಷ್ಟೇ ಬೀಳುತ್ತಿತ್ತು. ಈ ಗುಟ್ಟನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬೇರೆ ಡ್ರೈವರುಗಳು ಅದನ್ನು ಕರಕರ ಅರೆಯುವುದನ್ನು ಕೇಳುತ್ತಾ ಟೀ ಕುಡಿಯುವುದೇ ಅವನಿಗೊಂದು ಸುಖ.

ಹೀಗಿರುವಾಗ ಸೇಲಂನ ಓನರ್ ಕುಪ್ಪುಸ್ವಾಮಿ ಹೊಸ ಲಾರಿ ತಂದ. ಅದರಲ್ಲಿ ಕ್ಲಚ್ಚೇ ಇಲ್ಲ, ಗೇರು ತಾನಾಗಿ ಬದಲಾಗುತ್ತದೆ. ಕಲಿಸಲು ಲಾರಿ ಕಂಪನಿಯಿಂದ ಬಂದವಳು ಶರಣ್ಯ, ಇಪ್ಪತ್ತಾರರ ಹುಡುಗಿ.

“ಈ ಕೂಸು ನಂಗೆ ಗಾಡಿ ಕಲುಸ್ತದಂತೆ,” ಎಂದು ನಾರಪ್ಪ ಕನ್ನಡದಲ್ಲಿ ಗೊಣಗಿದ.

“ಕಲುಸ್ತದೆ ಅಣ್ಣಾ, ಹತ್ತಿ ಮೊದ್ಲು,” ಎಂದಳು ಶರಣ್ಯ. ಸೇಲಂ ಪೇಟೆಯಲ್ಲಿ ಬೆಳೆದರೂ ಅವಳ ಮನೆಮಾತು ಕನ್ನಡವೇ ಆಗಿತ್ತು.

ನಾರಪ್ಪ ನಾಲಗೆ ಕಚ್ಚಿಕೊಂಡು ಹತ್ತಿದ. ಲಾರಿ ಯಾರ್ಡಿನಲ್ಲಿ ನಾಲ್ಕು ಮಾರು ಹೋಯಿತೋ ಇಲ್ಲವೋ, ಅವನ ಎಡಗಾಲು ರೂಢಿಯಂತೆ ಕ್ಲಚ್ಚು ಹುಡುಕಿಕೊಂಡು ಹೋಗಿ ಬ್ರೇಕನ್ನು ಬಲವಾಗಿ ತುಳಿಯಿತು. ಲಾರಿ ಗಕ್ಕನೆ ನಿಂತಿತು. ಹಿಂದೆ ಕುಳಿತಿದ್ದ ಎರಡನೇ ಡ್ರೈವರ್ ಪಳನಿಯ ಕೈಯಲ್ಲಿದ್ದ ಬೋಂಡ ಹಾರಿ ಮುಂದಿನ ಗಾಜಿಗೆ ಬಡಿಯಿತು. ಮೂರನೇ ಸಲವೂ ಹೀಗೇ ಆದಾಗ ಶರಣ್ಯ, “ಎಡಗಾಲು ಮಡುಚಿ ಸೀಟಿನ ಮೇಲಿಟ್ಕೊಳಿ ಅಣ್ಣಾ, ಊಟಕ್ಕೆ ಕೂತಂಗೆ,” ಎಂದಳು.

ಅರ್ಧ ಚಕ್ಕಳಮಕ್ಕಳ ಹಾಕಿಕೊಂಡೇ ನಾರಪ್ಪ ಎರಡು ದಿನದಲ್ಲಿ ಕಲಿತ. ಯಾರ್ಡಿಗೆ ಯಾರ್ಡೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಪಳನಿ. ನಾರಪ್ಪ ಮನೆಗೆ ಫೋನು ಮಾಡಿದಾಗಲೆಲ್ಲ, “ಇದೇನಣ್ಣೇ ಭಾಷೆ, ಬಾಯಲ್ಲಿ ಕಲ್ಲು ಉರುಳಿಸಿದಂಗೆ,” ಎಂದು ತಮಿಳಿನಲ್ಲಿ ಅಣಕಿಸುತ್ತಿದ್ದವನೂ ಅವನೇ. ಕನ್ನಡದ ಒಂದಕ್ಷರವೂ ಅವನಿಗೆ ತಿಳಿಯದು.

ಪಳನಿಗೆ ಹೊಸ ಗಾಡಿ ಕಲಿಸುವ ಕೆಲಸವನ್ನು ಓನರ್ ನಾರಪ್ಪನಿಗೇ ಒಪ್ಪಿಸಿದ. ನಾರಪ್ಪ ಮುಖ ಗಂಟಿಕ್ಕಿಕೊಂಡು ತಮಿಳಿನಲ್ಲಿ ಹೇಳಿದ: “ತಂಬಿ, ಈ ಗಾಡಿ ಬೆಂಗಳೂರು ಕಡೆದು. ಬಾಯಲ್ಲಿ ಹೇಳಿದಂಗೆ ಕೇಳುತ್ತೆ, ಆದರೆ ಕನ್ನಡ ಒಂದೇ ಬರೋದು. ಇಲ್ಲದಿದ್ರೆ ಆ ಹುಡುಗಿ ನನ್ನ ಹತ್ರ ಯಾಕೆ ಕನ್ನಡದಲ್ಲೇ ಮಾತಾಡ್ತಿದ್ದಳು?”

ಪಳನಿ ಯೋಚಿಸಿದ. ಹೌದಲ್ಲ, ಆ ಎರಡು ದಿನವೂ ಅವರಿಬ್ಬರು ಕನ್ನಡದಲ್ಲೇ ಮಾತಾಡಿದ್ದರು!

ಸಬ್ಬಕ್ಕಿ ಮೂಟೆ ಹೇರಿಕೊಂಡು, ಪಳನಿಯನ್ನು ಸ್ಟೀರಿಂಗಿಗೆ ಕೂರಿಸಿ, ಇಬ್ಬರೂ ಧರ್ಮಪುರಿ ದಾರಿ ಹಿಡಿದರು. ತೊಪ್ಪೂರು ಘಾಟಿಯ ಏರಿನಲ್ಲಿ ಲಾರಿ ಉಸಿರುಗಟ್ಟತೊಡಗಿತು. ಎಲ್ಲಿ ಗೇರು ತಾನಾಗಿ ಇಳಿಯುತ್ತದೆಂದು ನಾರಪ್ಪನಿಗೆ ಚೆನ್ನಾಗಿ ಗೊತ್ತು. “ಈಗ ಹೇಳು, ಇಳ್ಸಪ್ಪಾ!” ಎಂದ.

“ಇಳ್ಸಪ್ಪಾ!” ಎಂದು ಪಳನಿ ಕೂಗಿದ. ಗೇರು ಇಳಿಯಿತು. ಪಳನಿಗೆ ಮೈ ಜುಮ್ಮೆಂದಿತು. ಏರು ಮುಗಿದ ಮೇಲೆ “ಏರ್ಸಪ್ಪಾ!” ಎಂದ, ಗೇರು ಏರಿತು. ಒಮ್ಮೊಮ್ಮೆ ಕೇಳದಿದ್ದರೆ ನಾರಪ್ಪ, “ಬರೀ ಕೆಲಸ ಹೇಳಿದ್ರೆ ಯಾರಿಗೆ ತಾನೇ ಸಿಟ್ಟು ಬರಲ್ಲ? ಊಟ ಆಯ್ತಾ ಅಂತ ಒಂದು ಮಾತು ಕೇಳು,” ಎನ್ನುತ್ತಿದ್ದ. ಹೀಗೆ ಎರಡು ತಿಂಗಳಲ್ಲಿ ಪಳನಿ ಲಾರಿಯ ಕುಶಲ ವಿಚಾರಿಸಿದ, ಬಿಸಿಲಲ್ಲಿ ಅದು ಬಳಲಿದಾಗ ಸಮಾಧಾನ ಹೇಳಿದ, ತನ್ನ ಮದುವೆಯ ಸಂಗತಿಯನ್ನೂ ತೋಡಿಕೊಂಡ. ಬೇಕಾದ ಕನ್ನಡವನ್ನೆಲ್ಲ ನಾರಪ್ಪ ಬೇಸರವಿಲ್ಲದೆ ಹೇಳಿಕೊಟ್ಟ.

ನಡುವೆ ಶರಣ್ಯ ಒಮ್ಮೆ ಪರೀಕ್ಷೆಗೆಂದು ಜೊತೆಯಲ್ಲಿ ಬಂದಳು. ಏರಿನಲ್ಲಿ ಪಳನಿ ಹೆಮ್ಮೆಯಿಂದ “ಇಳ್ಸಪ್ಪಾ ರಾಜಾ!” ಎಂದ. ಅವಳು ಹಿಂದೆ ತಿರುಗಿ ನೋಡಿದರೆ ನಾರಪ್ಪ ಬಾಯಿಗೆ ಟವೆಲ್ಲು ತುರುಕಿಕೊಂಡಿದ್ದ. ಅವಳು ನಗಲಿಲ್ಲ. “ಕೂಗಬೇಡಿ ಪಳನಿ, ಮೆಲ್ಲಗೆ ಹೇಳಿದ್ರೂ ಕೇಳುತ್ತೆ,” ಎಂದಳಷ್ಟೆ.

ತಮಿಳರ ಪುರಟ್ಟಾಸಿ ತಿಂಗಳಲ್ಲಿ ಪಳನಿಗೆ ಶೀತವಾಗಿ ಗಂಟಲು ಕಟ್ಟಿತು. ಅಂದು ನಾರಪ್ಪ ಹಿಂದಿನ ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಏರು ಎದುರಾದಾಗ ಪಳನಿ ಬಾಯಿ ತೆರೆದರೆ ಬರೀ ಗಾಳಿ ಬಂತು. ಆದರೂ ಗೇರು ತಾನಾಗಿ ಇಳಿಯಿತು, ಮುಂದೆ ತಾನಾಗಿ ಏರಿತು. ಘಾಟಿ ಮುಗಿಯುವಷ್ಟರಲ್ಲಿ ಅವನಿಗೆ ಎಲ್ಲವೂ ಅರ್ಥವಾಗಿತ್ತು. ನಾರಪ್ಪನ ಗೊರಕೆ ಕೇಳುತ್ತಾ ಅವನು ಗಾಡಿ ಓಡಿಸಿದ.

ಮುಂದಿನ ವಾರ ಗಂಟಲು ಸರಿಹೋಗಿತ್ತು. ಮಾರಂಡಹಳ್ಳಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ನಾರಪ್ಪ ಕಾಲು ತೊಳೆಯಲು ಹಿತ್ತಲಿಗೆ ಹೋದ. ಅವನ ಹೆಂಡತಿ ಸಿದ್ದಲಕ್ಷ್ಮಮ್ಮ ಮುದ್ದೆಗೆ ಸಾರು ಬಡಿಸುತ್ತಿದ್ದಳು.

“ಅಕ್ಕಾ, ಊಟ ಆಯ್ತಾ? ಚೆನ್ನಾಗಿದ್ದೀಯಾ?” ಎಂದ ಪಳನಿ.

“ಅಯ್ ನಮ್ಮಪ್ಪಾ! ಕನ್ನಡ ಎಲ್ಲಿ ಕಲ್ತ್ಯಲಾ?”

“ಅಣ್ಣ ಕಲ್ಸಿದ್ದು ಅಕ್ಕಾ, ಲಾರಿ ತಾವ ಮಾತಾಡಾಕೆ. ಅಣ್ಣ ಬೋ ಒಳ್ಳೇವ್ನು. ಈ ತಿಂಗಳಾಗೆ ಮಾತ್ರ ದಿನಾ ಕೋಳಿ ತಿಂತಾನೆ.”

ಸಿದ್ದಲಕ್ಷ್ಮಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಪೆರುಮಾಳ್ ದೇವರ ವ್ರತವೆಂದು ಪುರಟ್ಟಾಸಿ ಪೂರ್ತಿ ಮಾಂಸ ಮುಟ್ಟುವುದಿಲ್ಲವೆಂದು ಗಂಡ ಅವಳ ತಲೆ ಮುಟ್ಟಿ ಹೇಳಿದ್ದ. “ಎಲ್ಲಿ ತಿಂತಾನೆ?” ಎಂದಳು ಮೆತ್ತಗೆ.

“ತೊಪ್ಪೂರ್ ಓಟ್ಲಲ್ಲಿ. ಎರಡು ಕಾಲು ಅವನಿಗೇ ಬೇಕು.”

ನಾರಪ್ಪ ಒಳಗೆ ಬಂದಾಗ ಪಳನಿಯ ತಟ್ಟೆಯಲ್ಲಿ ತುಪ್ಪ ಸುರಿದ ಎರಡನೇ ಮುದ್ದೆಯಿತ್ತು. ನಾರಪ್ಪನ ತಟ್ಟೆ ಗೋಡೆಗೆ ಒರಗಿ ನಿಂತಿತ್ತು.

“ಯಾಕಮ್ಮೀ, ನಂಗಿಲ್ವಾ?”

“ಕೋಳಿ ತಿಂದೋನ್ಗೆ ಮುದ್ದೆ ಯಾಕೆ? ಓಗು, ನಿನ್ ಲಾರಿ ತಾವ ಕೇಳು,” ಎಂದಳು ಸಿದ್ದಲಕ್ಷ್ಮಮ್ಮ.

ಪಳನಿ ಬೆರಳು ನೆಕ್ಕಿಕೊಂಡು, ಒಂದು ಕಲ್ಲೂ ಉರುಳದ ಕನ್ನಡದಲ್ಲಿ ಇನ್ನೊಂದು ಸೌಟು ಸಾರು ಕೇಳಿದ.